ಮೂಕಿ ಚಿತ್ರದ ನಾಯಕನ ಮನೆಯಲ್ಲಿ

ನಾನು ಮದುವೆಯಾಗಿ ನಾಸಿಕಕ್ಕೆ ಬಂದ ಮೂರನೆಯ ದಿನ ಮಾವ ನನ್ನನ್ನು ಎದುರಿಗೆ ಕೂರಿಸಿಕೊಂಡು ಆ ಮನೆಯ ಕಟ್ಟಳೆ ಹೇಳಿದರು. ಮರಾಠಿಯಲ್ಲಿ ಹೇಳಿದರು. ನನಗೆ ಅರ್ಧ ತಿಳಿಯಿತು. ಉಳಿದರ್ಧವನ್ನು ಬಾಗಿಲಿಗೆ ಒರಗಿ ನಿಂತಿದ್ದ ನನ್ನ ಗಂಡ ಹರಕು ಕನ್ನಡದಲ್ಲಿ ಬಿಡಿಸಿ ಹೇಳಿದರು. ಈ ಮನೆಯಲ್ಲಿ ಕನ್ನಡ ಮಾತಾಡುವಂತಿಲ್ಲ. ಅಡುಗೆಮನೆಯಲ್ಲೂ ಇಲ್ಲ, ಬಚ್ಚಲಲ್ಲೂ ಇಲ್ಲ. ಮಾವನಿಗೆ ‘ಮಾವ’ ಅನ್ನಬಾರದು, ಮರಾಠಿ ಸೊಸೆಯರ ಹಾಗೆ ‘ಮಾಮಂಜಿ’ ಅನ್ನಬೇಕು. ಮುಂದೆ ಮಕ್ಕಳಾದರೆ ಅವುಗಳ ಕಿವಿಗೆ ಕನ್ನಡದ ಒಂದು ಮಾತೂ ಬೀಳಕೂಡದು.

ನಾನು ಬೀದರ ಜಿಲ್ಲೆಯ ಹುಮನಾಬಾದಿನ ಕಡೆಯವಳು. ಅವರೂ ಅಲ್ಲಿಯವರೇ, ಬಟ್ಟೆ ವ್ಯಾಪಾರದ ಮನೆತನ. ಮಗನಿಗೆ ಹೆಣ್ಣು ತರುವಾಗ ಊರು, ಜಾತಿ, ನೆಂಟಸ್ತಿಕೆ ಎಲ್ಲವೂ ಅವರಿಗೆ ನೆನಪಾಗಿತ್ತು. ಆ ಹೆಣ್ಣಿನ ಬಾಯಲ್ಲಿದ್ದ ಭಾಷೆ ಮಾತ್ರ ಬೇಡವಾಗಿತ್ತು. ನಾನು ಹತ್ತೊಂಬತ್ತರ ಹುಡುಗಿ. ತಲೆಯಾಡಿಸಿದೆ. ತಲೆಯಾಡಿಸುವುದಕ್ಕೆ ಯಾವ ಭಾಷೆಯೂ ಬೇಕಾಗಿರಲಿಲ್ಲ.

ಅದು ಅರವತ್ತರ ದಶಕದ ನಡುಭಾಗ. ನನ್ನ ಗಂಡ ಓಝರ್ ಹತ್ತಿರ ಆಗತಾನೆ ಶುರುವಾಗಿದ್ದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹತ್ತಿದರೆ ಸಂಜೆಯೇ ಬರುವುದು. ಅಲ್ಲಿ ಬೆಂಗಳೂರು, ಧಾರವಾಡದ ಕಡೆಯ ಎಂಜಿನಿಯರುಗಳು ಎಷ್ಟೋ ಮಂದಿ ಇದ್ದರು. ಅವರು ತಮ್ಮತಮ್ಮಲ್ಲೇ ಕನ್ನಡ ಮಾತಾಡುವಾಗ ಇವರು ಎಲ್ಲವನ್ನೂ ತಿಳಿದುಕೊಂಡು, ತಿಳಿಯದವರ ಹಾಗೆ ಕೆಲಸ ಮಾಡುತ್ತಿದ್ದರಂತೆ. ‘ಬೋಲಾಯ್ಲಾ ಹೋದ್ರ ತಪ್ಪ್ ಆಗ್ತದ. ಅವ್ರು ನಗ್ತಾರ’ ಎಂದು ಒಮ್ಮೆ, ಮಾತಾಡಲು ಅನ್ನುವುದಕ್ಕೂ ಮರಾಠಿಯನ್ನೇ ಬೆರೆಸಿ, ನನಗೆ ಹೇಳಿದ್ದರು.

ಪಂಚವಟಿಯ ಹಳೆಯ ವಾಡೆಯೊಂದರ ಮೊದಲ ಮಹಡಿಯಲ್ಲಿ ನಮ್ಮ ಮೂರು ಕೋಣೆಗಳು. ಹಗಲಿಡೀ ಮನೆಯಲ್ಲಿ ಮಾವ, ಅತ್ತೆ, ನಾನು. ಮಾವನಿಗೆ ಆಗ ಅರವತ್ತು ದಾಟಿತ್ತು. ನೆಟ್ಟಗೆ ನಿಲ್ಲುವ ಎತ್ತರದ ಆಳು. ಕೂದಲಿಗೆ ಬಣ್ಣ ಹಚ್ಚುತ್ತಿದ್ದರು, ಮೀಸೆಯನ್ನು ಪುಟ್ಟ ಬಾಚಣಿಗೆಯಿಂದ ಬಾಚುತ್ತಿದ್ದರು. ಯಾರೇ ಬಂದರೂ ಎಡಗೆನ್ನೆ ಅವರ ಕಡೆಗಿರುವಂತೆ ಕುರ್ಚಿ ತಿರುಗಿಸಿಕೊಂಡು ಕೂಡುತ್ತಿದ್ದರು. ಎಡಗೆನ್ನೆಯೇ ಚಂದ ಎಂದು ನಲವತ್ತು ವರ್ಷದ ಹಿಂದೆ ಕ್ಯಾಮೆರಾದವನೊಬ್ಬ ಹೇಳಿದ್ದನಂತೆ.

ಹೌದು, ನನ್ನ ಮಾವ ಸಿನೆಮಾ ನಾಯಕರಾಗಿದ್ದರು. ಮಾತು ಬರುವ ಮೊದಲಿನ ಸಿನೆಮಾಕ್ಕೆ.

ಅತ್ತೆಗೆ ಮರಾಠಿ ಬರುತ್ತಿರಲಿಲ್ಲವೆಂದಲ್ಲ. ಮೂವತ್ತು ವರ್ಷ ನಾಸಿಕದಲ್ಲಿದ್ದವರು. ತರಕಾರಿ ಕೊಳ್ಳುವಷ್ಟು, ನೆರೆಯವರ ಆರೋಗ್ಯ ಕೇಳುವಷ್ಟು ಬರುತ್ತಿತ್ತು. ಸಂಕಟ ಹೇಳಿಕೊಳ್ಳುವಷ್ಟು, ಸಿಟ್ಟು ಬಂದಾಗ ಬೈಯುವಷ್ಟು ಬರುತ್ತಿರಲಿಲ್ಲ. ಹಾಗಾಗಿ ಆ ಮೂವತ್ತು ವರ್ಷ ಅವರು ಹೆಚ್ಚು ಮಾತಾಡಿರಲೇ ಇಲ್ಲ. ಮಗನನ್ನು ಸಹ ಮರಾಠಿಯಲ್ಲೇ ಆಡಿಸಿ ಬೆಳೆಸಿದ್ದರು. ಮಾವ ಟಾಕೀಸಿಗೆ ಕೆಲಸಕ್ಕೆ ಹೋದಾಗ ಕದ್ದು ಹೇಳಿದ ನಾಲ್ಕು ಕನ್ನಡದ ಮಾತುಗಳೇ ನನ್ನ ಗಂಡನ ಆಸ್ತಿ.

ನಾನು ಬಂದ ಮೇಲೆ ಆ ಬಾಯಿ ತೆರೆಯಿತು. ಸಂಜೆ ಮಾವ ಕೋಲು ಹಿಡಿದು ಗೋದಾವರಿಯ ಕಡೆ ತಿರುಗಾಡಲು ಹೋದದ್ದೇ ತಡ, ಅತ್ತೆ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಶುರು ಮಾಡುತ್ತಿದ್ದರು. ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡರು, ಯಾವ ಎಮ್ಮೆ ಯಾರ ಹೊಲಕ್ಕೆ ಬಿತ್ತು, ಎಲ್ಲ ಅವರು ಹುಮನಾಬಾದು ಬಿಟ್ಟಾಗಿನ ಸುದ್ದಿ. ನಾನು ಹುಟ್ಟುವ ಮೊದಲೇ ಸತ್ತವರ ಯೋಗಕ್ಷೇಮ ನನ್ನನ್ನು ಕೇಳುತ್ತಿದ್ದರು.

ಮಾವ ಮನೆಯಲ್ಲಿದ್ದಾಗ ನಾವಿಬ್ಬರೂ ಬೇರೆ ಉಪಾಯ ಮಾಡಿಕೊಂಡಿದ್ದೆವು. ದನಿ ಇಲ್ಲದೆ ತುಟಿ ಮಾತ್ರ ಅಲ್ಲಾಡಿಸಿ ಮಾತಾಡುತ್ತಿದ್ದೆವು. ‘ಉಪ್ಪು ಕಮ್ಮಿ ಆಗ್ಯಾದ.’ ‘ಹಾಲು ಉಕ್ಲತ್ತದ ನೋಡು.’ ‘ಇವತ್ತ ಮತ್ತ ಸಿಟ್ಟಿನಾಗ ಅದಾರ.’ ಮೊದಮೊದಲು ನನಗೆ ತಿಳಿಯುತ್ತಿರಲಿಲ್ಲ. ಆರು ತಿಂಗಳಲ್ಲಿ ಎಷ್ಟು ಪಳಗಿತೆಂದರೆ ಅಂಗಳದ ಆಚೆ ಬಟ್ಟೆ ಒಗೆಯುತ್ತಿದ್ದ ಅತ್ತೆಯ ತುಟಿಯನ್ನು ನಾನು ಮಹಡಿಯಿಂದಲೇ ಓದುತ್ತಿದ್ದೆ. ಆಮೇಲೆ ಅವರ ಕಣ್ಣಿಗೆ ಪೊರೆ ಬಂತು. ನನ್ನ ತುಟಿ ಅವರಿಗೆ ಕಾಣದಾಯಿತು. ಆಗ ಅವರು ಹೇಳುವುದು, ನಾನು ಹತ್ತಿರ ಹೋಗಿ ಕೈ ಒತ್ತಿ ಹೂಂ ಅನ್ನುವುದು, ಅಷ್ಟಕ್ಕೆ ನಿಂತಿತು.

ಮಾವನ ಕತೆಯಲ್ಲಿ ಅರ್ಧ ನನಗೆ ಅವರಿಂದಲೇ ಗೊತ್ತಾದದ್ದು, ಅರ್ಧ ಅತ್ತೆಯಿಂದ. ಮಾವ ಹದಿನೆಂಟನೆಯ ವಯಸ್ಸಿಗೆ ತಂದೆಯ ಬಟ್ಟೆಗಂಟು ಹೊತ್ತು ನಾಸಿಕಕ್ಕೆ ಬಂದಿದ್ದರು. ಪುರಾಣದ ಕತೆಗಳನ್ನು ತೆಗೆಯುವ ಚಿತ್ರ ಕಂಪನಿಯೊಂದು ಜರಿಯ ಶಲ್ಯ, ರುಮಾಲು ಬೇಕೆಂದು ಹೇಳಿಕಳಿಸಿತ್ತು. ಇವರು ಗಂಟು ಇಳಿಸುವ ಹೊತ್ತಿಗೆ ಅಲ್ಲಿ ಕುದುರೆ ಹತ್ತಿ ಗೋಡೆ ಹಾರುವ ದೃಶ್ಯ ನಿಂತುಹೋಗಿತ್ತು. ಪಾತ್ರದವನು ಹಾರಲು ಒಪ್ಪಿರಲಿಲ್ಲ. ಊರಲ್ಲಿ ಬರಿಬೆನ್ನಿನ ಕುದುರೆ ಓಡಿಸಿದ್ದ ಹುಡುಗ ಮುಂದೆ ಬಂದು ಕೈಸನ್ನೆಯಲ್ಲಿ ನಾನು ಹಾರುತ್ತೇನೆ ಎಂದ. ಹಾರಿದ. ಗಂಟು ಮಾತ್ರ ಊರಿಗೆ ವಾಪಸು ಹೋಯಿತು, ಹುಡುಗ ಹೋಗಲಿಲ್ಲ.

ಎಂಟು ವರ್ಷ ಅವರು ಆ ಬೆಳಕಿನಲ್ಲಿದ್ದರು. ನಾಸಿಕದಿಂದ ಕೊಲ್ಹಾಪುರ, ಅಲ್ಲಿಂದ ಮುಂಬಯಿ. ರಾಜಕುಮಾರ, ಡಕಾಯಿತ, ಸಂತ, ಸೇನಾಪತಿ. ಅವರ ಮುಖವಿದ್ದ ಬೆಂಕಿಪೊಟ್ಟಣ ಒಂದು ಕಾಲಕ್ಕೆ ಮಾರಾಟವಾಗುತ್ತಿತ್ತಂತೆ. ನಿರ್ದೇಶಕ ತಗಡಿನ ಕೊಳವೆ ಹಿಡಿದು ಈಗ ನಗು, ಈಗ ಅಳು, ಈಗ ಕತ್ತಿ ಹಿರಿ ಎಂದು ಕೂಗುತ್ತಿದ್ದ. ಅಷ್ಟು ತಿಳಿದರೆ ಸಾಕಿತ್ತು. ಉಳಿದದ್ದನ್ನು ಕಣ್ಣು ಮಾಡುತ್ತಿತ್ತು, ಮೈ ಮಾಡುತ್ತಿತ್ತು.

ಅದೇ ಎಂಟು ವರ್ಷ ಅತ್ತೆ ಹುಮನಾಬಾದಿನಲ್ಲಿದ್ದರು. ಹನ್ನೆರಡಕ್ಕೆ ಮದುವೆ. ಸಂಸಾರ ಹೂಡುವ ಮೊದಲೇ ಗಂಡ ಹೋಗಿದ್ದ. ಬಣ್ಣ ಹಚ್ಚುವವನು ನನ್ನ ಮಗನಲ್ಲ ಎಂದು ಅವರ ಮಾವ ಮಗನ ಹೆಸರು ಎತ್ತದಂತೆ ಮಾಡಿದ್ದರು. ಒಮ್ಮೆ ಊರಿಗೆ ಟೂರಿಂಗ್ ಸಿನೆಮಾದ ತಂಬು ಬಂತು, ಬಂದದ್ದು ಇವರದೇ ಚಿತ್ರ. ಊರಿಗೆ ಊರೇ ಹೋಯಿತು. ಆ ಮನೆಯ ಹೆಂಗಸರನ್ನೆಲ್ಲ ಒಳಗೆ ಕೂಡಿ ಹೊರಗಿನಿಂದ ಚಿಲಕ ಹಾಕಿದರು. ಮರುದಿನ ಬಾವಿಯ ಹತ್ತಿರ ಹೆಂಗಸರು ಅತ್ತೆಯನ್ನು ಸುತ್ತಿಕೊಂಡರಂತೆ.

‘ನಿನ್ ಗಂಡ ರಾಜಕುಮಾರ ಆಗ್ಯಾನ ನೋಡವ್ವ, ಒಬ್ಬಾಕಿನ್ನ ಎತ್ಕೊಂಡು ಹೊಳಿ ದಾಟ್ತಾನ ಅಂದ್ರು’ ಎಂದು ಅತ್ತೆ ನನಗೆ ಹೇಳಿದರು. ‘ನಾ ಏನ್ ಹೇಳ್ಲಿ? ಎಷ್ಟ್ ಆಳ ಇತ್ತು ಹೊಳಿ ಅಂತ ಕೇಳ್ದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.’

ಅತ್ತೆ ಗಂಡನ ಒಂದು ಚಿತ್ರವನ್ನೂ ನೋಡಿರಲಿಲ್ಲ.

ಮಾತು ಬಂದ ಸಂಗತಿಯನ್ನು ಮಾವ ನನಗೆ ಒಂದೇ ಒಂದು ಸಲ ಹೇಳಿದರು. ಮಧ್ಯಾಹ್ನ, ಫೋಟೋ ಆಲ್ಬಮ್ಮಿನ ಧೂಳು ಒರೆಸಲು ನನ್ನ ಕೈಗೆ ಕೊಟ್ಟಿದ್ದರು. ಮುಂಬಯಿಯ ಸ್ಟುಡಿಯೋ ಒಂದರಲ್ಲಿ ಧ್ವನಿ ಪರೀಕ್ಷೆ. ಗೋಡೆಗೆಲ್ಲ ಕಂಬಳಿ ಹೊದಿಸಿದ ಕೋಣೆ, ಕಿವಿಗೆ ಯಂತ್ರ ಹಾಕಿಕೊಂಡ ಒಬ್ಬ ಮನುಷ್ಯ. ಇವರಿಗೆ ಹಿಂದಿಯ ಒಂದು ಮಾತು ಕೊಟ್ಟಿದ್ದರು, ನನ್ನ ಕತ್ತಿಗೆ ಬಾಯಾರಿದೆ ಅನ್ನುವ ಅರ್ಥದ್ದು. ಎಂಟು ದಿನ ಉರುಹೊಡೆದಿದ್ದರು. ದನಿ ಗಟ್ಟಿಯಾಗಿತ್ತು, ಗಂಭೀರವಾಗಿತ್ತು. ಆದರೆ ನಿಂತ ಮೇಲೆ ಬಾಯಿಂದ ಬಂದದ್ದು ‘ಮೇರಾ ತಲ್ವಾರ್ ಪ್ಯಾಸಾ ಹೈ.’

‘ಕಂಬಳಿ ಹೊದಿಸಿದ ಕೋಣೆ’ ಅಂದರು ಮಾವ ಮರಾಠಿಯಲ್ಲಿ. ‘ಅಲ್ಲಿ ನಕ್ಕರೆ ನಗುವೂ ಹೊರಗೆ ಹೋಗುವುದಿಲ್ಲ. ಅಲ್ಲೇ ಸುತ್ತುತ್ತದೆ. ಮತ್ತೆ ಹೇಳಿ ಅಂದರು. ಮತ್ತೆ ಹೇಳಿದೆ. ಮತ್ತೆ ಮೇರಾ. ಕತ್ತಿ ಹೆಣ್ಣಂತೆ, ಮೇರೀ ಅನ್ನಬೇಕಂತೆ. ಕತ್ತಿ ಹೇಗಮ್ಮ ಹೆಣ್ಣಾಗುತ್ತದೆ? ಕುರ್ಚಿ ಹೆಣ್ಣು, ಪಲ್ಲಂಗ ಗಂಡು. ನಿನ್ನ ಆ ದರಿದ್ರ ಭಾಷೆಯಲ್ಲಿ ಅದೆಲ್ಲ ಏನಾದರೂ ಇದೆಯಾ? ಅದನ್ನು ಕುಡಿದು ಬೆಳೆದ ನಾಲಿಗೆ ಇದು. ಅದೇ ನನ್ನನ್ನು ಮುಗಿಸಿತು.’

ಅವರು ಕನ್ನಡವನ್ನು ‘ನಿನ್ನ ಭಾಷೆ’ ಅಂದರು.

ಸ್ಟುಡಿಯೋದಲ್ಲಿ ಆಮೇಲೆ ಅವರಿಗೆ ತಲ್ವಾರ್ ಎಂದೇ ಹೆಸರು ಬಿತ್ತಂತೆ. ಚಹ ತರುವವನೂ ಹಾಗೇ ಕರೆಯುತ್ತಿದ್ದ. ಮೊದಲ ಮಾತಿನ ಚಿತ್ರದಲ್ಲಿ ಅವರಿಗೆ ಕೊಟ್ಟದ್ದು ನಾಲಿಗೆ ಕತ್ತರಿಸಿದ ಅಂಗರಕ್ಷಕನ ಪಾತ್ರ. ಅದು ಚೆನ್ನಾಗಿ ಬಂತೆಂದು ಇನ್ನೆರಡು ಚಿತ್ರದಲ್ಲಿ ಮತ್ತೆ ನಾಲಿಗೆ ಕತ್ತರಿಸಿದರು. ಆಮೇಲೆ ಅದೂ ಇಲ್ಲ. ಹಾಡು ಬರುವ ಹುಡುಗರು ನಾಯಕರಾದರು. ಇವರು ಗುಂಪಿನಲ್ಲಿ ಈಟಿ ಹಿಡಿದು ನಿಂತರು. ಈಟಿ ಹಿಡಿಯುವುದೂ ಸಾಕಾಗಿ ನಾಸಿಕಕ್ಕೆ ಬಂದು ಒಂದು ಟಾಕೀಸಿನಲ್ಲಿ ಬಾಗಿಲು ಕಾಯುವ ಕೆಲಸಕ್ಕೆ ಸೇರಿದರು. ಮೊದಲ ವರ್ಷ ಜನ ಗುರುತು ಹಿಡಿದು ಟಿಕೆಟು ಹರಿಯುವ ಅವರ ಕೈ ಮುಟ್ಟಿ ನೋಡುತ್ತಿದ್ದರಂತೆ. ಮೂರನೆಯ ವರ್ಷ ‘ಏ, ಬಾಗಿಲು ಬಿಡು’ ಅನ್ನತೊಡಗಿದರು.

ಆಗ ಅವರಿಗೆ ಹೆಂಡತಿ ನೆನಪಾದದ್ದು. ‘ಗೆದ್ದಾಗ ಬ್ಯಾಡ ಆಗಿದ್ದೆ, ಸೋತಾಗ ಬೇಕಾದೆ’ ಎಂದು ಅತ್ತೆ ಒಮ್ಮೆ ಹೊಸ್ತಿಲ ಮೇಲೆ ಕುಳಿತು ಹೇಳಿದರು. ಸಿಟ್ಟಿನಿಂದ ಹೇಳಲಿಲ್ಲ, ಸೊಪ್ಪು ಸೋಸುತ್ತ ಹೇಳಿದರು. ಬಂದ ಮೂರನೆಯ ದಿನವೇ ಆ ಕಟ್ಟಳೆ ಅವರಿಗೂ ಆಗಿತ್ತು.

ಎಪ್ಪತ್ತರ ದಶಕ ಶುರುವಾದ ಹೊತ್ತಿಗೆ ಔರಂಗಾಬಾದಿನಿಂದ, ಈಗಿನ ಸಂಭಾಜಿನಗರದಿಂದ, ಒಂದು ಪತ್ರ ಬಂತು. ಕಾಲೇಜು ಅಧ್ಯಾಪಕರೊಬ್ಬರು ಹಳೆಯ ಸಿನೆಮಾ ನೋಡುವವರ ಒಂದು ಗುಂಪು ಕಟ್ಟಿದ್ದರು. ಅಲ್ಲಿನ ಹಳೆಯ ಟೂರಿಂಗ್ ಸಿನೆಮಾದವರ ಗೋದಾಮಿನಲ್ಲಿ ಕೆಲವು ತಗಡಿನ ಡಬ್ಬಿ ಸಿಕ್ಕಿವೆ, ಹೆಚ್ಚಿನವನ್ನು ಫಿಲ್ಮಿನಿಂದ ಬೆಳ್ಳಿ ತೆಗೆಯುವವರು ಎಂದೋ ಕರಗಿಸಿ ಮುಗಿಸಿದ್ದಾರೆ, ಉಳಿದ ಎರಡು ಸುರುಳಿಯಲ್ಲಿ ನೀವಿದ್ದೀರಿ, ಬರಬೇಕು, ನಿಮ್ಮನ್ನು ಸನ್ಮಾನಿಸುತ್ತೇವೆ, ನೀವು ನಾಲ್ಕು ಮಾತಾಡಬೇಕು ಎಂದು ಬರೆದಿದ್ದರು.

ಮಾವ ಆ ಪತ್ರವನ್ನು ನನ್ನಿಂದ ಮೂರು ಸಲ ಓದಿಸಿದರು. ಆಮೇಲೆ ಒಂದು ತಿಂಗಳು ಭಾಷಣ ಬರೆದರು. ಕನ್ನಡಿಯ ಮುಂದೆ ನಿಂತು ಹೇಳುತ್ತಿದ್ದರು, ಎಡಗೆನ್ನೆ ತಿರುಗಿಸಿಕೊಂಡು. ಒಂದು ಭಾನುವಾರ ಹಾಳೆಗಳನ್ನು ತಂದು ಮಗನ ಮುಂದಿಟ್ಟರು. ‘ಗಂಡು ಹೆಣ್ಣು ಸರಿಯಿದೆಯಾ ನೋಡು’ ಅಂದರು. ನನ್ನ ಗಂಡ ಪೆನ್ಸಿಲು ಹಿಡಿದು ಓದಿದರು. ನಾಲ್ಕು ಕಡೆ ತಿದ್ದಿದರು. ಅಷ್ಟು ಹೊತ್ತೂ ಮಾವ ಕಿಟಕಿಯ ಹೊರಗೆ ನೋಡುತ್ತಿದ್ದರು. ಮುಗಿದ ಮೇಲೆ ಹಾಳೆ ತೆಗೆದುಕೊಂಡು ಒಳಗೆ ಹೋದರು. ಮನೆಯಲ್ಲಿ ಅವರ ಬಗ್ಗೆ ನನಗೆ ಕನಿಕರ ಹುಟ್ಟಿದ ದಿನಗಳು ತೀರ ಕಡಿಮೆ. ಅದೊಂದು.

ಹೊರಡುವ ಹಿಂದಿನ ದಿನ ಅತ್ತೆ ತಾವೂ ಬರುತ್ತೇನೆಂದರು. ಆ ಕಣ್ಣಿನಲ್ಲಿ ಏನು ನೋಡುತ್ತೀ ಎಂದು ಮಾವ ಕೇಳಿದರು. ಅತ್ತೆ ವಾದ ಮಾಡಲಿಲ್ಲ. ‘ಮೀ ಯೇಣಾರ್’ ಎಂದರು. ನಾನು ಬರುವವಳೇ ಎಂದು. ಅಷ್ಟು ನಿಚ್ಚಳವಾದ ಮರಾಠಿ ಅವರ ಬಾಯಲ್ಲಿ ನಾನು ಕೇಳಿರಲಿಲ್ಲ.

ನನ್ನ ಗಂಡನಿಗೆ ಶನಿವಾರ ರಜೆ ಸಿಗಲಿಲ್ಲ. ನಾಲ್ಕು ವರ್ಷದ ಮಗಳನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು ಅತ್ತೆಯ ಕೈ ಹಿಡಿಯಲು ನಾನು ಹೊರಟೆ. ಎಸ್.ಟಿ. ಬಸ್ಸಿನಲ್ಲಿ ಮಾವ ಮುಂದೆ ಒಬ್ಬರೇ ಕುಳಿತರು, ಇಸ್ತ್ರಿ ಮಾಡಿದ ಕೋಟು ತೊಡೆಯ ಮೇಲೆ ಮಡಿಸಿಟ್ಟುಕೊಂಡು. ನಿಫಾಡ್ ದಾಟುವಾಗ ದ್ರಾಕ್ಷಿ ತೋಟಗಳಲ್ಲಿ ಹೆಂಗಸರು ಗೊಂಚಲು ಕತ್ತರಿಸುತ್ತಿದ್ದರು. ಅತ್ತೆ ಏನು ಅಂತ ಕೇಳಿದರು, ಹೇಳಿದೆ. ಬಸ್ಸಿನ ಸದ್ದಿನಲ್ಲಿ ನಮ್ಮ ಕನ್ನಡ ಮುಂದಿನ ಸೀಟಿಗೆ ಕೇಳುತ್ತಿರಲಿಲ್ಲ. ದಾರಿಯುದ್ದಕ್ಕೂ ನಾನು ಕಂಡದ್ದನ್ನೆಲ್ಲ ಹೇಳಿದೆ.

ಮರುದಿನ ಭಾನುವಾರ ಬೆಳಿಗ್ಗೆ ಒಂದು ಟಾಕೀಸನ್ನು ಎರಡು ಗಂಟೆಗಳ ಮಟ್ಟಿಗೆ ಕೇಳಿ ಪಡೆದಿದ್ದರು. ಅರವತ್ತು ಎಪ್ಪತ್ತು ಜನ. ಹೆಚ್ಚಿನವರು ವಿದ್ಯಾರ್ಥಿಗಳು. ಹಳೆಯ ಫಿಲ್ಮಿಗೆ ಬೇಗ ಬೆಂಕಿ ಹತ್ತುತ್ತದೆಂದು ಯಂತ್ರದ ಕೋಣೆಯ ಬಾಗಿಲಲ್ಲಿ ಮರಳು ತುಂಬಿದ ಬಕೆಟ್ಟುಗಳನ್ನು ಇಟ್ಟಿದ್ದರು. ಮಾವನಿಗೆ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು ಮುಂದಿನ ಸಾಲಿನಲ್ಲಿ ಕೂರಿಸಿದರು. ಅವರ ಹಿಂದಿನ ಸಾಲಿನಲ್ಲಿ ಅತ್ತೆ, ನಾನು.

ದೀಪ ಆರಿತು. ತೆರೆಯ ಮೇಲೆ ಗೀರು ಗೀರು, ಮಳೆ ಸುರಿದ ಹಾಗೆ. ಆಮೇಲೆ ಒಂದು ಕೋಟೆಯ ಮೆಟ್ಟಿಲು, ಮೆಟ್ಟಿಲ ಮೇಲೆ ಒಬ್ಬ ತರುಣ. ಈಗಿನ ಯಂತ್ರದಲ್ಲಿ ಹಳೆಯ ಚಿತ್ರ ಸ್ವಲ್ಪ ಬೇಗ ಓಡುತ್ತದಂತೆ. ಅವನು ಪಟಪಟನೆ ಇಳಿದು ಬಂದ. ಹುಡುಗರು ನಕ್ಕರು. ಮುಂದಿನ ಸಾಲಿನಲ್ಲಿ ಮಾವನ ಹೆಗಲು ಬಿಗಿಯಾಯಿತು.

ನಾನು ನಗಲಿಲ್ಲ. ಅಷ್ಟು ಚೆಲುವಾದ ಗಂಡಸನ್ನು ನಾನು ಅದುವರೆಗೆ ನೋಡಿರಲಿಲ್ಲ.

‘ಬಂದಾರೇನು?’ ಅತ್ತೆ ಕೇಳಿದರು.

‘ಬಂದಾರ ಅತ್ತಿ. ಮೆಟ್ಟಿಲ ಇಳೀಲತ್ತಾರ. ತಲಿಗಿ ಜರಿ ರುಮಾಲ ಸುತ್ಯಾರ.’

‘ಚಂದ ಕಾಣ್ತಾರೇನು?’

‘ಭಾಳ ಚಂದ.’

ಹಾಡಿಲ್ಲ, ವಾದ್ಯವಿಲ್ಲ. ಯಂತ್ರ ತಿರುಗುವ ಸದ್ದು ಬಿಟ್ಟರೆ ಇಡೀ ಟಾಕೀಸಿನಲ್ಲಿ ಕೇಳುತ್ತಿದ್ದದ್ದು ನಮ್ಮ ಪಿಸುಮಾತೊಂದೇ. ಮಾವ ತಿರುಗಿದರು. ‘ಗಪ್ಪ ಬಸಾ!’ ಅಂದರು, ಸುಮ್ಮನೆ ಕೂಡಿ ಎಂದು. ಎಲ್ಲರಿಗೂ ಕೇಳುವಂತೆ. ನಾನು ಬಾಯಿ ಮುಚ್ಚಿದೆ. ಅತ್ತೆ ನನ್ನ ಮೊಣಕೈ ತಿವಿದರು, ‘ನೀ ಹೇಳು.’ ನಾನು ಅವರ ಕಿವಿಗೆ ತುಟಿ ಹಚ್ಚಿ ಮುಂದುವರಿಸಿದೆ.

ಎರಡನೆಯ ಸುರುಳಿಯಲ್ಲಿ ಒಂದು ತೋಟ. ಮರದ ಕೆಳಗೆ ಒಬ್ಬಳು ಹುಡುಗಿ ಕುಳಿತು ಅಳುತ್ತಿದ್ದಾಳೆ. ರಾಜಕುಮಾರ ಬಂದು ಅವಳ ಪಕ್ಕದಲ್ಲಿ ಮಂಡಿಯೂರುತ್ತಾನೆ. ಇದ್ದಕ್ಕಿದ್ದ ಹಾಗೆ ಅವನ ಮುಖ ತೆರೆ ತುಂಬ ಬಂತು. ಅವನು ಅವಳ ಗಲ್ಲ ಹಿಡಿದೆತ್ತಿ ಏನೋ ಹೇಳಿದ. ಮಾತು ಬರೆದು ತೋರಿಸುವ ಅಕ್ಷರದ ಫಲಕ ಬರಲಿಲ್ಲ, ಎಲ್ಲೋ ಹರಿದುಹೋಗಿರಬೇಕು. ಬರೀ ತುಟಿ.

ನಾನು ಆ ತುಟಿಯನ್ನು ಓದಿದೆ.

ಬೇಕೆಂದು ಓದಲಿಲ್ಲ. ನಮ್ಮ ಮನೆಯಲ್ಲಿ ಐದಾರು ವರ್ಷ ಮಾಡಿದ ಅಭ್ಯಾಸ. ತುಟಿ ಅಗಲವಾಯಿತು, ಮತ್ತೆ ಅಗಲವಾಯಿತು. ಆಮೇಲೆ ಒಮ್ಮೆ ಮುಚ್ಚಿ ತೆರೆಯಿತು. ಯಾಕ ಅಳ್ತಿ? ಸುಮ್ನಿರು. ನಾ ಇದ್ದೀನಲ್ಲ. ತರುಣ ಅದನ್ನೇ ಎರಡು ಸಲ ಹೇಳಿದ. ಎರಡನೆಯ ಸಲಕ್ಕೆ ನನಗೆ ಸಂಶಯ ಉಳಿಯಲಿಲ್ಲ. ಆ ರಾಜಕುಮಾರನಿಗೆ ಆಗ ಬೇರೆ ಭಾಷೆ ಬರುತ್ತಲೇ ಇರಲಿಲ್ಲ. ಅವನು ಹುಮನಾಬಾದಿನ ಕನ್ನಡದಲ್ಲಿ ಆ ಹುಡುಗಿಯನ್ನು ಸಮಾಧಾನ ಮಾಡುತ್ತಿದ್ದ. ಇಡೀ ದೇಶ ಅದನ್ನು ನೋಡಿತ್ತು, ಯಾರಿಗೂ ಕೇಳಿರಲಿಲ್ಲ.

‘ಏನ್ ಅನ್ಲತ್ತಾರ?’ ಅತ್ತೆ ಕೇಳಿದರು.

ಹೇಳಬಾರದಾಗಿತ್ತೇನೋ. ಹೇಳಿದೆ.

‘ಯಾಕ ಅಳ್ತಿ ಅಂತಾರ ಅತ್ತಿ. ಸುಮ್ನಿರು, ನಾ ಇದ್ದೀನಲ್ಲ ಅಂತಾರ.’

‘ಕನ್ನಡದಾಗ?’

‘ಹೂಂ. ಕನ್ನಡದಾಗ.’

ಅತ್ತೆ ನನ್ನ ಕೈ ಬಿಟ್ಟರು. ‘ನಂಗ ಒಂದಿನ ಅಂದಿಲ್ಲ’ ಎಂದರು. ಕೂಸುಗಳು ಎರಡು ಹುಟ್ಟಿ ಸತ್ತಾಗಲೂ ಅಂದಿರಲಿಲ್ಲ ಎಂದರು. ನನಗೆ ಆ ಕೂಸುಗಳ ಸುದ್ದಿ ಆವತ್ತೇ ಗೊತ್ತಾದದ್ದು.

ದೀಪ ಹತ್ತಿತು. ಮಾವ ಮೈಕಿನ ಮುಂದೆ ನಿಂತು ಭಾಷಣ ಓದಿದರು. ಒಂದು ತಪ್ಪೂ ಇಲ್ಲದೆ, ಗಂಡು ಹೆಣ್ಣು ಎಲ್ಲ ಸರಿಯಾಗಿ. ಜನ ಚಪ್ಪಾಳೆ ತಟ್ಟಿದರು. ಅವರ ಮುಖ ಅರಳಿತ್ತು. ಅಲ್ಲಿಗೇ ಮುಗಿದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಆದರೆ ಪ್ರಶ್ನೆ ಕೇಳಬಹುದು ಎಂದು ಅಧ್ಯಾಪಕರು ಹೇಳಿದರು. ಒಬ್ಬಳು ವಿದ್ಯಾರ್ಥಿನಿ ಎದ್ದು, ಬಹಳ ಮರ್ಯಾದೆಯಿಂದ, ಮೂಕಿ ಚಿತ್ರದಲ್ಲಿ ನೀವು ನಿಜವಾಗಿ ಮಾತಾಡುತ್ತಿದ್ದಿರಾ, ಆ ತೋಟದ ದೃಶ್ಯದಲ್ಲಿ ನೀವು ಏನು ಹೇಳುತ್ತಿದ್ದೀರಿ ಎಂದು ಕೇಳಿದಳು.

ಮಾವ ಒಂದು ಕ್ಷಣವೂ ತಡೆಯಲಿಲ್ಲ. ‘ಪ್ರೀತಿಯ ಮಾತು, ಮತ್ತೇನು! ಶುದ್ಧ ಮರಾಠಿಯಲ್ಲಿ’ ಎಂದರು. ಜನ ನಕ್ಕರು.

‘ಸುಳ್ಳ’ ಎಂದರು ಅತ್ತೆ.

ಕೂತಲ್ಲಿಂದಲೇ ಹೇಳಿದರು, ಆದರೆ ಗಟ್ಟಿಯಾಗಿ. ಜನ ತಿರುಗಿ ನೋಡಿದರು. ಅತ್ತೆ ಎದ್ದು ನಿಂತರು. ಪೊರೆಗಣ್ಣಿಗೆ ಮಾವ ಎಲ್ಲಿದ್ದಾರೆಂದು ಸರಿಯಾಗಿ ಕಾಣದೆ, ದನಿ ಬಂದ ಕಡೆಗೆ ಮುಖ ಮಾಡಿ, ‘ಸುಳ್ಳ ಹೇಳ್ಲತ್ತಾರ್ರಿ ಅವರು. ಕನ್ನಡದಾಗ ಅಂದಾರ. ಆಕಿಗಿ ಕನ್ನಡದಾಗ ಅಂದಾರ!’ ಎಂದರು.

ಅಧ್ಯಾಪಕರು ಮಾವನ ಮುಖ ನೋಡಿದರು. ಮಾವ ಮೈಕಿನಲ್ಲೇ, ತಗ್ಗಿದ ದನಿಯಲ್ಲಿ ಹೇಳಿದರು: ‘ಕ್ಷಮಿಸಿ. ನನ್ನ ಹೆಂಡತಿ. ಕೆಲವು ವರ್ಷದಿಂದ ಅವಳ ತಲೆ ಸರಿಯಿಲ್ಲ.’

ಟಾಕೀಸಿನಲ್ಲಿ ಅಯ್ಯೋ ಪಾಪ ಎನ್ನುವ ಸದ್ದು ಎದ್ದಿತು. ಪ್ರಶ್ನೆ ಕೇಳಿದ ಹುಡುಗಿ ಓಡಿ ಬಂದು ಅತ್ತೆಯನ್ನು ಮೆಲ್ಲಗೆ ಕೂರಿಸಿದಳು, ಹುಚ್ಚಿಯನ್ನು ಕೂರಿಸುವ ಹಾಗೆ. ತಲೆ ಸರಿಯಿಲ್ಲ ಅನ್ನುವುದು ತಿಳಿಯುವಷ್ಟು ಮರಾಠಿ ಅತ್ತೆಗೆ ಬರುತ್ತಿತ್ತು. ಅವರು ಕುಳಿತರು. ನಾನು ಬಾಯಿ ತೆರೆದು ಅವರ ಪರವಾಗಿ ಒಂದು ಮಾತು ಆಡಬಹುದಿತ್ತು. ನನಗೆ ಆಗ ಮರಾಠಿ ಚೆನ್ನಾಗಿ ಬರುತ್ತಿತ್ತು. ಆಡಲಿಲ್ಲ. ಸಂಜೆ ಅದೇ ಮನೆಗೆ ಹೋಗಬೇಕಲ್ಲ ಎಂದು ಯೋಚಿಸಿದೆ.

ಹೊರಗೆ ರಿಕ್ಷಾಕ್ಕೆ ಕಾಯುತ್ತಿದ್ದಾಗ ಟೊಪ್ಪಿಗೆ ಹಾಕಿದ ಹಿರಿಯರೊಬ್ಬರು ಅತ್ತೆಯ ಹತ್ತಿರ ಬಂದರು. ಕಲಬುರಗಿಯ ಕಡೆಯವರು, ಅಲ್ಲೇ ಔರಂಗಾಬಾದಿನಲ್ಲಿ ಕಾಳುಕಡಿಯ ಅಂಗಡಿ.

‘ತಾಯೀ, ನೀವ್ ಯಾವೂರವರ್ರಿ?’

‘ಹುಮನಾಬಾದ್ರಿ.’

‘ಹಂಗಾದ್ರ ಅವರೂ ನಮ್ಮವರೇ ಏನ್ರಿ? ನಮಗ ಗೊತ್ತೇ ಇರಲಿಲ್ಲ ನೋಡ್ರಿ. ಭಾಳ ಸಂತೋಷ ಆಯ್ತು.’ ಅವರು ಕೈ ಮುಗಿದುಕೊಂಡು ಮಾವನ ಕಡೆ ಹೆಜ್ಜೆ ಹಾಕಿದರು. ಎರಡು ಮಾರು ದೂರದಲ್ಲಿ ನಿಂತಿದ್ದ ಮಾವ ಬೆನ್ನು ತಿರುಗಿಸಿ ರಿಕ್ಷಾದವನ ಜೊತೆ ಜಗಳಕ್ಕೆ ನಿಂತರು.

ವಾಪಸು ಬರುವಾಗ ಯೇವಲಾದಲ್ಲಿ ಬಸ್ಸು ಚಹಕ್ಕೆ ನಿಂತಿತು. ಮಾವ ಕಿಟಕಿಯ ಹತ್ತಿರ ಬಂದು ಚಹ ಬೇಕಾ ಎಂದು ಮರಾಠಿಯಲ್ಲಿ ಕೇಳಿದರು. ಅತ್ತೆ ಎದುರಿಗೇ, ಕನ್ನಡದಲ್ಲಿ, ‘ನಂಗ ಬ್ಯಾಡ್ರಿ’ ಎಂದರು. ಮೂವತ್ತೈದು ವರ್ಷದಲ್ಲಿ ಅದು ಮೊದಲು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಹಾಗೇ ನಡೆಯಿತು. ಮಾವ ಮರಾಠಿಯಲ್ಲಿ ಕೇಳುವುದು, ಅತ್ತೆ ಕನ್ನಡದಲ್ಲಿ ಹೇಳುವುದು. ಮಾವ ತಿಳಿಯದವರಂತೆ ನನ್ನ ಕಡೆ ತಿರುಗಿ ಏನಂತೆ ಎನ್ನುವುದು. ನಾನು ಮಧ್ಯೆ ನಿಂತು ಊಟ ಆಯಿತಂತೆ, ಮೈಯಲ್ಲಿ ಹುಷಾರಿಲ್ಲವಂತೆ ಎಂದು ಅನುವಾದ ಮಾಡುವುದು. ಗಂಡ ಹೆಂಡತಿಯ ನಡುವೆ ನಾಲ್ಕು ವರ್ಷ ಈ ಕೆಲಸ ಮಾಡಿದೆ. ಬೈದು ಬಾಯಿ ಮುಚ್ಚಿಸಲು ಮಾವ ಮೊದಮೊದಲು ನೋಡಿದರು. ಆಗಲಿಲ್ಲ. ಆಮೇಲೆ ಮಾತೇ ಕಡಿಮೆ ಮಾಡಿದರು.

ಅತ್ತೆಯ ಒಂದು ಕಣ್ಣಿಗೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ ಮನೆಗೆ ಕರೆತಂದ ದಿನ ಮಾವನನ್ನು ಬಹಳ ಹೊತ್ತು ನೋಡಿ, ‘ಎಷ್ಟ್ ಮುದುಕ ಆಗ್ಯಾರ’ ಎಂದರು. ಮಾವ ಏನಂತೆ ಎಂದು ಕೇಳಲಿಲ್ಲ.

ಆ ಸುರುಳಿಗಳನ್ನು ಮತ್ತೊಮ್ಮೆ ತೋರಿಸುವುದು ಆಗಲಿಲ್ಲ. ಅಂಟಂಟಾಗಿ ಒಂದಕ್ಕೊಂದು ಹತ್ತಿ ಹಾಳಾದವೆಂದೂ ಮನೆಯಲ್ಲಿಟ್ಟುಕೊಳ್ಳುವುದು ಅಪಾಯವೆಂದು ಊರಾಚೆ ಸುಟ್ಟೆವೆಂದೂ ಅಧ್ಯಾಪಕರು ವಿಷಾದದಿಂದ ಬರೆದರು. ಓದಿ ಹೇಳಿದೆ. ಮಾವ ‘ಬರಂ ಝಾಲಂ’ ಎಂದರು, ಒಳ್ಳೆಯದಾಯಿತು ಎಂದು. ಅದು ಕಹಿಯಿಂದ ಅಂದದ್ದೋ, ಆ ತುಟಿ ಇನ್ನು ಯಾರಿಗೂ ಸಿಗುವುದಿಲ್ಲ ಎಂಬ ನೆಮ್ಮದಿಯಿಂದ ಅಂದದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಾವ ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ತೀರಿಕೊಂಡರು, ಸ್ನಾನ ಮಾಡಿ ಮೀಸೆ ಬಾಚುತ್ತಿದ್ದಾಗ. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು: ಮರಾಠಿ ಮೂಕಪಟದ ಹಿರಿಯ ನಾಯಕ, ನಾಸಿಕದವರು. ಅತ್ತೆ ಓದಿಸಿ ಕೇಳಿದರು. ‘ಹುಮನಾಬಾದ್ ಅಂತ ಬರ್ದಾರೇನು?’ ‘ಇಲ್ಲ ಅತ್ತಿ.’ ‘ಹೋಗ್ಲಿ ಬಿಡು. ಅವರಿಗಿ ಬೇಕಾದಂಗೇ ಆಯ್ತು.’

ಇನ್ನು ಮನೆಯಲ್ಲಿ ತಡೆಯುವವರು ಯಾರೂ ಇರಲಿಲ್ಲ. ಅತ್ತೆ ಗಟ್ಟಿಯಾಗಿ ಕನ್ನಡ ಮಾತಾಡತೊಡಗಿದರು. ಆದರೆ ಯಾರ ಜೊತೆ? ಮಗ ಕಾರ್ಖಾನೆಯಿಂದ ದಣಿದು ಬಂದು ಹೂಂ ಅನ್ನುತ್ತಿದ್ದ. ನನ್ನ ಮಕ್ಕಳು ಇಬ್ಬರೂ ಮರಾಠಿ ಶಾಲೆಯವರು. ಅಜ್ಜಿ ಕನ್ನಡದಲ್ಲಿ ಕೇಳಿದರೆ ತಿಳಿದು, ಮರಾಠಿಯಲ್ಲಿ ಉತ್ತರಿಸಿ ಓಡುತ್ತಿದ್ದವು. ನಾನು ಬಾಲವಾಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಒಂದು ಬೆಳಿಗ್ಗೆ ಡಬ್ಬಿ ಕಟ್ಟುವ ಅವಸರದಲ್ಲಿದ್ದಾಗ ಅತ್ತೆ ಹೊಸ್ತಿಲ ಮೇಲೆ ಕುಳಿತು ಬಾವಿಯ ಹತ್ತಿರದ ಹೆಂಗಸರ ಕತೆ ಶುರು ಮಾಡಿದರು. ನೂರು ಸಲ ಕೇಳಿದ್ದೆ. 'ನಂತರ ಸಾಂಗಾ, ನಂತರ' ಎಂದೆ, ಆಮೇಲೆ ಹೇಳಿ ಎಂದು. ಮರಾಠಿಯಲ್ಲಿ ಹೇಳಿದ್ದೇನೆಂದು ಹೇಳಿದ ಮೇಲೇ ನನಗೆ ಗೊತ್ತಾಯಿತು.

ಅತ್ತೆ ಕಣ್ಣೆತ್ತಿ ನನ್ನನ್ನು ನೋಡಿದರು. ‘ಆಯ್ತವ್ವ’ ಎಂದರು. ಎದ್ದು, ಗೋಡೆ ಹಿಡಿದುಕೊಂಡು ಒಳಗಿನ ಕೋಣೆಗೆ ಹೋದರು. ಆಮೇಲೆ ಒಂದೂವರೆ ವರ್ಷ ಇದ್ದರು. ಏನಾದರೂ ಹೇಳಿ ಅತ್ತಿ ಎಂದು ನಾನೇ ಎಷ್ಟೋ ಸಲ ಕೇಳಿದೆ. ‘ಏನದ ಹೇಳ್ಲಿಕ್ಕಿ’ ಎನ್ನುತ್ತಿದ್ದರು.